ಮನವರಿತು ಸರಕು ತೋರುವ ಅಂಗಡಿ

ನಲ್ಲೂರಿನಿಂದ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಚಿನ್ನದ ಬಳೆಗಳನ್ನು ಅಡವಿಟ್ಟು ಯಂತ್ರ ಕೊಂಡು, ಅಡಿಕೆ ಹಾಳೆಯ ತಟ್ಟೆಗಳನ್ನು ಮೀಶೊ ಮೂಲಕ ಮಾರಬೇಕೆಂಬುದು ಅವರ ಹಂಬಲ. ಆ ಕಂಪನಿಯನ್ನು ನೆಚ್ಚಬಹುದೆ ಎಂದು ಕೇಳಿದ್ದಾರೆ. ಚನ್ನಗಿರಿ ಸೀಮೆಯಲ್ಲಿ ಹಾಳೆಗೆ ಬರವಿಲ್ಲ. ಬಳೆಗೆ ಮಾತ್ರ ಎರಡನೆಯ ಜೊತೆಯಿಲ್ಲವಂತೆ.

ಮೀಶೊ ನಮ್ಮ ಬೆಂಗಳೂರಿನ ಸಂಸ್ಥೆಯೇ. ವಿದಿತ್ ಆತ್ರೇ ಮತ್ತು ಸಂಜೀವ್ ಬರ್ನ್‌ವಾಲ್ ಎಂಬ ತರುಣರು 2015ರಲ್ಲಿ ಕಟ್ಟಿದ್ದು. ಮೊದಮೊದಲು ಗೃಹಿಣಿಯರು ಸರಕಿನ ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ಬಂಧುಬಳಗಕ್ಕೆ ಕಳುಹಿಸಿ, ತಮ್ಮ ಲಾಭವನ್ನು ಸೇರಿಸಿ ಮಾರುವುದಕ್ಕೆ ಅದು ಅನುವು ಮಾಡಿಕೊಟ್ಟಿತು. 2021ರಲ್ಲಿ ಮಾರಾಟಗಾರರಿಗೆ ಕಮಿಷನ್ ಇಲ್ಲವೆಂದು ಸಾರಿತು. ಹಾಗೆಂದು ಅದನ್ನು ಧರ್ಮಛತ್ರವೆಂದು ಭಾವಿಸಬೇಡಿ. ಸಾಗಾಣಿಕೆ, ಜಾಹೀರಾತುಗಳಿಂದ ಅದಕ್ಕೆ ಆದಾಯವಿದೆ.

ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಬಾಣಂತನ ಎಂಬುದನ್ನು ಊರಿನ ಅಂಗಡಿಯವರು ಬಲ್ಲರು. ಅದಕ್ಕೊಪ್ಪುವ ಸರಕನ್ನೇ ಮುಂದಿಡುತ್ತಾರೆ. ಗಣಕಯಂತ್ರವು ಮಾಡುವುದೂ ಇದನ್ನೇ. ಗ್ರಾಹಕರು ನೋಡಿದ್ದು, ಕೊಂಡದ್ದು ಎಲ್ಲವನ್ನೂ ಲೆಕ್ಕವಿಟ್ಟು ಒಬ್ಬೊಬ್ಬರಿಗೆ ಒಂದೊಂದು ಬಗೆಯ ಅಂಗಡಿಯನ್ನು ತೆರೆದು ತೋರಿಸುತ್ತದೆ. ತಟ್ಟೆಯನ್ನು ಅರಸಿದವರ ಮುಂದೆ ನಲ್ಲೂರಿನ ತಟ್ಟೆ ಬಂದು ನಿಲ್ಲಬಹುದು. ಸಣ್ಣ ಮಾರಾಟಗಾರರಿಗೆ ಇದು ದೊಡ್ಡ ಅನುಕೂಲವೇ ಸರಿ. ಆದರೆ ಎಷ್ಟನೆಯ ಸಾಲಿನಲ್ಲಿ ನಿಲ್ಲುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಸರಕುಗಳ ಹಿಂದುಮುಂದನ್ನು ನಿರ್ಧರಿಸುವ ಮುಖ್ಯ ಅಂಶಗಳನ್ನು ಇಂಥ ಸಂಸ್ಥೆಗಳು ಸರಳ ಭಾಷೆಯಲ್ಲಿ ತಿಳಿಸಬೇಕೆಂದು 2020ರ ಇ-ವಾಣಿಜ್ಯ ನಿಯಮಗಳು ವಿಧಿಸಿವೆ. ಅದನ್ನು ಹುಡುಕಿ ಓದಿರಿ; ಓದುವವರು ವಿರಳ.

ತೆರಿಗೆಯ ಮಾತು. 2023ರ ಅಕ್ಟೋಬರ್ 1ರಿಂದ, ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದ ಸರಕು ಮಾರಾಟಗಾರರು ಜಿಎಸ್‌ಟಿ ನೋಂದಣಿಯಿಲ್ಲದೆ, ಪ್ಯಾನ್ ಆಧಾರದ ಮೇಲೆ ನಾಮಾಂಕನ ಸಂಖ್ಯೆ ಪಡೆದು ಇಲ್ಲಿ ಮಾರಬಹುದು. ಆದರೆ ರಾಜ್ಯದೊಳಗೆ ಮಾತ್ರ. ದಿಲ್ಲಿಯ ಗಿರಾಕಿಯ ಕನಸಿದ್ದರೆ ನೋಂದಣಿ ಬೇಕೇ ಬೇಕು.

ನನಗೆ ನಿಜವಾದ ಅಳುಕಿರುವುದು ಹಿಂದಿರುಗಿ ಬರುವ ಸರಕಿನ ವಿಷಯದಲ್ಲಿ. ತಟ್ಟೆಯ ಬೆಲೆ ಕಡಿಮೆ, ಗಾತ್ರ ಹೆಚ್ಚು. ಮಳೆಗಾಲದಲ್ಲಿ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ನಾಲ್ಕು ಕಟ್ಟು ಮರಳಿದರೆ ನಲವತ್ತು ಕಟ್ಟಿನ ಲಾಭ ಕರಗೀತು. ವಾಪಸಾತಿಯ ಖರ್ಚು ಯಾರ ತಲೆಗೆ ಎಂಬ ಕರಾರನ್ನು ಮೊದಲು ನೋಡಿರಿ.

ಸಂಸ್ಥೆ ಪ್ರಯೋಗಕ್ಕೆ ಯೋಗ್ಯ, ಸಾಲಕ್ಕೆ ಯೋಗ್ಯವಲ್ಲ. ಬಳೆಗಳು ಕೈಯಲ್ಲೇ ಇರಲಿ, ತಂಗಿ. ಯಂತ್ರವಿರುವವರಿಂದ ಹತ್ತಿಪ್ಪತ್ತು ಕಟ್ಟು ಕೊಂಡು ಮಾರಿ ನೋಡಿ, ಮೂರು ತಿಂಗಳ ಲೆಕ್ಕವನ್ನು ನಮಗೆ ಬರೆಯಿರಿ.