ಉಲ್ಲೇಖಗಳ ಲೆಕ್ಕದಲ್ಲಿ ಯಳಂದೂರು ಎಲ್ಲಿದೆ?

ನರವಿಜ್ಞಾನಿಯೊಬ್ಬರ ಜೀವಮಾನದ ಕೆಲಸವನ್ನು ಈಗ ಒಂದೇ ಅಂಕಿಯಲ್ಲಿ ಹೇಳಿಬಿಡುತ್ತಾರೆ. ಅದರ ಹೆಸರು ಎಚ್-ಇಂಡೆಕ್ಸ್. ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಸೂಚಿಸಿದ ಅಳತೆ ಇದು. ಒಬ್ಬರ 40 ಪ್ರಬಂಧಗಳನ್ನು ಇತರ ಸಂಶೋಧಕರು ತಲಾ 40 ಸಲವಾದರೂ ಉಲ್ಲೇಖಿಸಿದ್ದರೆ ಅವರ ಇಂಡೆಕ್ಸ್ 40. ಸಂಸ್ಥೆಗಳ ರ‍್ಯಾಂಕಿಂಗ್‌ನಲ್ಲೂ ಉಲ್ಲೇಖಗಳಿಗೆ ಅಂಕವಿದೆ. ಮೂರ್ಛೆರೋಗದ ಸಂಶೋಧನೆಗೆ ಈ ಅಳತೆಯನ್ನು ಹಚ್ಚಿದಾಗ ನಮ್ಮ ಮಟ್ಟಿಗೆ ಅತಿ ಮುಖ್ಯವಾದದ್ದೇ ಕೈಬಿಟ್ಟುಹೋಗುತ್ತದೆ ಎಂಬುದು ನನ್ನ ವಾದ.

ಬಿಸಿನೀರಿನ ಮೂರ್ಛೆಯನ್ನೇ ನೋಡಿ. ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಮೊಗೆದು ಒಂದರ ಹಿಂದೊಂದು ತಲೆಗೆ ಹೊಯ್ದುಕೊಳ್ಳುವಾಗ ಕೆಲವರಿಗೆ ಫಿಟ್ಸ್ ಬರುತ್ತದೆ. 1945ರಲ್ಲಿ ನ್ಯೂಜಿಲೆಂಡಿನಿಂದ ಇಂಥ ಒಂದು ಪ್ರಕರಣ ವರದಿಯಾಗಿತ್ತು. ಆದರೆ ಇದು ದಕ್ಷಿಣ ಭಾರತದಲ್ಲಿ, ಅದರಲ್ಲೂ ಮೈಸೂರು-ಬೆಂಗಳೂರು ಸೀಮೆಯಲ್ಲಿ, ಅಪರೂಪವಲ್ಲ ಎಂದು ತೋರಿಸಿದವರು ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು. 1968ರಲ್ಲಿ ಅವರ ಮೊದಲ ವರದಿ ಬಂತು. ಮುಂದೆ ನಿಮ್ಹಾನ್ಸ್ ನಿರ್ದೇಶಕರಾದ ಡಾ. ಪಿ. ಸತೀಶ್ಚಂದ್ರ ಮತ್ತು ತಂಡ 1988ರಲ್ಲಿ 279 ರೋಗಿಗಳ ಅಧ್ಯಯನವನ್ನು ‘ಎಪಿಲೆಪ್ಸಿಯಾ’ ನಿಯತಕಾಲಿಕದಲ್ಲಿ ಪ್ರಕಟಿಸಿತು. ಆಮೇಲೆ ಇಲಿಗಳ ಮೇಲೆ ಪ್ರಯೋಗಗಳು ನಡೆದವು. ಕೆಲವು ಕುಟುಂಬಗಳಲ್ಲಿ ಹಲವರಿಗೆ ಈ ತೊಂದರೆ ಇರುವುದನ್ನು ಕಂಡು ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ವಿಜ್ಞಾನಿಗಳು ಅದರ ವಂಶವಾಹಿಯನ್ನು ಹುಡುಕಿದರು. ಇಷ್ಟೆಲ್ಲದರಿಂದ ರೋಗಿಗೆ ಸಿಕ್ಕಿದ ಫಲ ಸರಳವಾದದ್ದು: ನೀರು ಉಗುರುಬೆಚ್ಚಗಿರಲಿ, ಅಷ್ಟು ಸಾಲದಿದ್ದರೆ ವೈದ್ಯರು ಹೇಳಿದಂತೆ ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆ. ಸ್ನಾನವೆಂದರೆ ಹೆದರುತ್ತಿದ್ದ ಮಗುವಿನ ಮನೆಯಲ್ಲಿ ಈ ಸಲಹೆಗೆ ಎಷ್ಟು ಬೆಲೆ ಎಂದು ಊಹಿಸಬಹುದು.

ಈ ಪ್ರಬಂಧಗಳನ್ನು ಉಲ್ಲೇಖಿಸುವವರಾದರೂ ಎಷ್ಟು ಮಂದಿ? ಬಿಸಿನೀರಿನ ಮೂರ್ಛೆಯ ಬಗ್ಗೆ ಬರೆಯುವವರು ಜಗತ್ತಿನಲ್ಲೇ ಕೆಲವರು. ಅದೇ ಎಲ್ಲ ದೇಶಗಳಲ್ಲೂ ಕಾಣುವ ಮೂರ್ಛೆಗೆ ಹೊಸ ಔಷಧಿಯ ಪ್ರಯೋಗ ನಡೆದರೆ ಅದನ್ನು ಉಲ್ಲೇಖಿಸಲು ಸಾವಿರಾರು ಸಂಶೋಧಕರಿದ್ದಾರೆ. ಹಾಗಾಗಿ ಉಲ್ಲೇಖದ ಸಂಖ್ಯೆ ಕೆಲಸದ ಗುಣಕ್ಕಿಂತ ಮೊದಲು ಆ ಕ್ಷೇತ್ರದಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನು ಹೇಳುತ್ತದೆ. ನಮ್ಮೂರಿನ ಕಾಯಿಲೆಯನ್ನು ಆರಿಸಿಕೊಂಡ ಯುವ ಸಂಶೋಧಕಿ ಹೊರಡುವಾಗಲೇ ಹಿಂದೆ ಬಿದ್ದಿರುತ್ತಾಳೆ. ಇದು ಅನ್ಯಾಯ.

ಉಲ್ಲೇಖಗಳೇ ಬೇಡವೆನ್ನುವುದು ನನ್ನ ಮಾತಲ್ಲ. ಟರ್ಕಿಯಲ್ಲಿ ಇಂಥದ್ದೇ ರೋಗಿಗಳನ್ನು ಕಂಡ ವೈದ್ಯರಿಗೆ ಬೆಂಗಳೂರಿನ ಅನುಭವ ದಕ್ಕಿದ್ದು ಪ್ರಕಟವಾದ ಪ್ರಬಂಧಗಳಿಂದಲೇ. ಆದರೆ ಒಬ್ಬರ ಕೆಲಸ ಇನ್ನೊಬ್ಬರಿಗೆ ತಲುಪಿದ ದಾರಿಯನ್ನು ತೋರಿಸುವ ಉಲ್ಲೇಖವನ್ನು ಅಂಕಪಟ್ಟಿ ಮಾಡಿಕೊಂಡೆವು.

ಮಣಿಯವರ ಇನ್ನೊಂದು ಕೆಲಸವಂತೂ ಈ ಅಂಕಪಟ್ಟಿಗೆ ಸಿಗುವುದೇ ಇಲ್ಲ. ಈಗಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಅವರ ತಂಡ ಮನೆಮನೆಗೆ ಹೋಗಿ ಮೂರ್ಛೆಯವರನ್ನು ಗುರುತಿಸಿ, ಫಿನೋಬಾರ್ಬಿಟಾಲ್, ಫೆನಿಟೋಯಿನ್‌ನಂಥ ಹಳೆಯ, ಅಗ್ಗದ ಮಾತ್ರೆ ಕೊಟ್ಟು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿಕೊಂಡಿತು. ಹಳ್ಳಿಯಲ್ಲೂ ಇಷ್ಟರಿಂದಲೇ ರೋಗ ಹತೋಟಿಗೆ ಬರುತ್ತದೆ ಎಂಬ ಫಲಿತಾಂಶ 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅಚ್ಚಾಯಿತು. ಪ್ರಬಂಧಕ್ಕೆ ಉಲ್ಲೇಖಗಳು ಬಂದಿವೆ, ಸರಿ. ಫಿಟ್ಸ್ ನಿಂತು ಹೊಲಕ್ಕೆ, ಶಾಲೆಗೆ ಮರಳಿದವರ ಲೆಕ್ಕ ಯಾವ ಇಂಡೆಕ್ಸ್‌ನಲ್ಲಿದೆ? ಕಾನೂನಿನ ಬದಲಾವಣೆಯ ಕಥೆಯೂ ಹೀಗೆಯೇ. ಹಿಂದೂ ವಿವಾಹ ಕಾಯ್ದೆಯಲ್ಲಿ ಬುದ್ಧಿಭ್ರಮಣೆಯ ಜೊತೆ ಅಪಸ್ಮಾರವನ್ನೂ, ಅಂದರೆ ಮೂರ್ಛೆರೋಗವನ್ನೂ, ಮದುವೆಗೆ ಅಡ್ಡಿಯೆಂದು ಸೇರಿಸಲಾಗಿತ್ತು. 1999ರ ತಿದ್ದುಪಡಿಯಿಂದ ಆ ಪದ ಹೋಯಿತು. ಮಣಿಯವರೂ ಸೇರಿ ಕಟ್ಟಿದ ಭಾರತೀಯ ಅಪಸ್ಮಾರ ಸಂಘ ಇದಕ್ಕಾಗಿ ಒತ್ತಾಯಿಸುತ್ತಲೇ ಬಂದಿತ್ತು. ಸಾವಿರಾರು ಹೆಣ್ಣುಮಕ್ಕಳ ಬದುಕಿಗೆ ಸಂಬಂಧಿಸಿದ ಈ ಬದಲಾವಣೆಗೆ ಉಲ್ಲೇಖಗಳ ಲೆಕ್ಕದಲ್ಲಿ ಸಿಗುವುದು ಸೊನ್ನೆ.

ಕೆಲಸವಂತೂ ಮುಗಿದಿಲ್ಲ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ, ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ ಶೇ 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬಾಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಡಾ. ಎಂ. ಗೌರಿದೇವಿ ಅವರ ಬೆಂಗಳೂರು ಸಮೀಕ್ಷೆಯಲ್ಲಿ ನಗರಕ್ಕಿಂತ ಹಳ್ಳಿಗಳಲ್ಲಿ ಈ ರೋಗ ಸುಮಾರು ಎರಡು ಪಟ್ಟು ಹೆಚ್ಚು ಕಂಡಿತ್ತು. ನರರೋಗ ತಜ್ಞರು ಇರುವುದು ಹೆಚ್ಚಾಗಿ ನಗರಗಳಲ್ಲಿ. ಫಿಟ್ಸ್ ಬಂದವರ ಕೈಗೆ ಈಗಲೂ ಕಬ್ಬಿಣದ ಬೀಗದಕೈ ಕೊಡುತ್ತೇವೆ.

ಸಂಶೋಧನೆಯನ್ನು ಅದರ ತಿರುಳಿನಿಂದಲೇ ಅಳೆಯಿರಿ ಎಂದು 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಕರೆ ಕೊಟ್ಟಿತು. ನಮ್ಮ ವೈದ್ಯಕೀಯ ಕಾಲೇಜುಗಳ ಆಯ್ಕೆ ಸಮಿತಿಗಳು ಅಷ್ಟು ಮಾಡಿದರೂ ಸಾಕು: ಅಭ್ಯರ್ಥಿಯ ಅತ್ಯುತ್ತಮ ಮೂರು ಪ್ರಬಂಧಗಳನ್ನು ತರಿಸಿಕೊಂಡು ಕುಳಿತು ಓದಲಿ. ಆ ಕೆಲಸದಿಂದ ಯಾವ ತಾಲ್ಲೂಕಿನ ರೋಗಿಗೆ ಏನು ಸಿಕ್ಕಿತು ಎಂದು ಕೇಳಲಿ. ಅದಕ್ಕೂ ಅಂಕ ಕೊಡಲಿ.