ಬೂಟ್ ಆಗದ ಸಾಧನ: ದೋಷ ಚಿಪ್‌ನದೋ, ದಾಖಲೆಯದೋ?

ಹಾಲು ಸಂಗ್ರಹಣಾ ಕೇಂದ್ರದ ಅಳತೆ ಯಂತ್ರ, ಬಸ್ಸಿನ ಟಿಕೆಟ್ ಯಂತ್ರ, ಅಂಗಡಿಯ ಬಿಲ್ಲಿಂಗ್ ಯಂತ್ರ, ಕಾರ್ಖಾನೆಯ ವಿದ್ಯುತ್ ಬಳಕೆಯನ್ನು ದಾಖಲಿಸುವ ಪೆಟ್ಟಿಗೆ ಮುಂತಾದ ಸಾಧನಗಳ ಒಳಗೆ ಇಂದು ಒಂದು ಪುಟ್ಟ ಕಂಪ್ಯೂಟರ್ ಕುಳಿತಿರುತ್ತದೆ. ಅವುಗಳಲ್ಲಿ ಅನೇಕವು ಲಿನಕ್ಸ್ ಕಾರ್ಯವ್ಯವಸ್ಥೆಯಿಂದ ನಡೆಯುತ್ತವೆ. ಇಂತಹ ಸಾಧನಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರು ಪೆಟ್ಟಿಗೆ, ವಿದ್ಯುತ್ ಸರಬರಾಜು, ಜೋಡಣೆ ಹಾಗೂ ಮಾರಾಟವನ್ನು ತಾವೇ ನೋಡಿಕೊಂಡು, ತಂತ್ರಾಂಶದ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಗೆ ಒಪ್ಪಿಸುವುದು ವಾಡಿಕೆ. ಸಾಧನ ನಡೆಯುತ್ತಿರುವವರೆಗೆ ಈ ಏರ್ಪಾಡಿನಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ.

ಕೊರತೆ ಕಾಣುವುದು ಗ್ರಾಹಕರಿಂದ ಸಾಧನಗಳು ಮರಳಿ ಬರತೊಡಗಿದಾಗ. ದೀಪ ಉರಿಯುತ್ತದೆ, ಪರದೆಯ ಮೇಲೆ ಕಂಪನಿಯ ಮುದ್ರೆ ಮೂಡುತ್ತದೆ, ಆದರೆ ಮುಂದೆ ಏನೂ ಆಗುವುದಿಲ್ಲ. ಸೇವಾ ಸಿಬ್ಬಂದಿ ‘ಬೋರ್ಡ್ ಸತ್ತಿದೆ’ ಎಂದು ಷರಾ ಬರೆದು ಹೊಸ ಬೋರ್ಡ್ ಹಾಕಿಕೊಡುತ್ತಾರೆ. ಹಳೆಯದು ಗುಜರಿಗೆ ಹೋಗುತ್ತದೆ. ಈ ಪದ್ಧತಿ ದುಬಾರಿಯಾದುದು ಮಾತ್ರವಲ್ಲ, ಹಲವು ಸಂದರ್ಭಗಳಲ್ಲಿ ತಪ್ಪು ನಿರ್ಣಯವೂ ಹೌದು. ಇಂತಹ ಬೋರ್ಡ್‌ನಲ್ಲಿ ಚಿಪ್ ಸುಸ್ಥಿತಿಯಲ್ಲಿದ್ದು, ಅದರ ಕುರಿತ ದಾಖಲೆ ತಪ್ಪಾಗಿರುವ ಸಾಧ್ಯತೆಯನ್ನು ಮೊದಲು ಪರೀಕ್ಷಿಸಬೇಕು.

ಸಾಧನ ಏಳುವ ಬಗೆ

ವಿದ್ಯುತ್ ಹರಿದ ಕೂಡಲೇ ಮೊದಲು ಎಚ್ಚರಗೊಳ್ಳುವುದು ಬೂಟ್‌ಲೋಡರ್ ಎಂಬ ಕಿರು ತಂತ್ರಾಂಶ. ಅದು ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ ಅನ್ನು ಫ್ಲ್ಯಾಶ್ ಮೆಮೊರಿಯಿಂದ ಎತ್ತಿ ಓಡಿಸುತ್ತದೆ. ಉಳಿದ ತಂತ್ರಾಂಶಗಳೆಲ್ಲ ಎಲ್ಲಿವೆ ಎಂಬುದನ್ನೂ ಅದಕ್ಕೆ ತಿಳಿಸುತ್ತದೆ. ಉಳಿದ ತಂತ್ರಾಂಶಗಳಿರುವ ಆ ಉಗ್ರಾಣಕ್ಕೆ ‘ರೂಟ್ ಫೈಲ್ ಸಿಸ್ಟಮ್’ ಎಂದು ಹೆಸರು. ಕರ್ನಲ್ ಆ ಉಗ್ರಾಣದ ಬೀಗ ತೆಗೆದು ಒಳಹೊಗುವ ಕ್ರಿಯೆಯೇ ‘ಮೌಂಟ್’. ಬೀಗ ತೆರೆಯದಿದ್ದರೆ ಕರ್ನಲ್ ‘ಅನೇಬಲ್ ಟು ಮೌಂಟ್ ರೂಟ್ ಎಫ್ಎಸ್’ ಎಂಬ ಸಂದೇಶವನ್ನು ಹೊರಡಿಸಿ ಕೈಚೆಲ್ಲುತ್ತದೆ. ಗ್ರಾಹಕರ ಪರದೆಯ ಮೇಲೆ ಈ ಸಂದೇಶ ಸಾಮಾನ್ಯವಾಗಿ ಕಾಣುವುದಿಲ್ಲ. ಬೋರ್ಡ್‌ನ ಸೀರಿಯಲ್ ಪೋರ್ಟ್‌ಗೆ ಅಗ್ಗದ ಯುಎಸ್‌ಬಿ ಪರಿವರ್ತಕವೊಂದನ್ನು ಜೋಡಿಸಿ ಕಂಪ್ಯೂಟರಿನಲ್ಲಿ ನೋಡಿದವರಿಗೆ ಮಾತ್ರ ಅದು ಕಾಣುತ್ತದೆ.

ಆ ಸಂದೇಶದ ಕೊನೆಯಲ್ಲಿ ಆವರಣದೊಳಗೆ ಎರಡು ಸಂಖ್ಯೆಗಳಿರುತ್ತವೆ. ಅವು 0,0 ಆಗಿದ್ದರೆ ತನಗೆ ಹೇಳಿದ ಹೆಸರಿನ ಸಂಗ್ರಹ ಸಾಧನವನ್ನೇ ಕರ್ನಲ್ ಗುರುತಿಸಿಲ್ಲ ಎಂದರ್ಥ. ಮೊದಲ ಸಂಖ್ಯೆ 31 ಆಗಿದ್ದರೆ ಬಿಡಿ ಫ್ಲ್ಯಾಶ್ ಚಿಪ್‌ನ ಒಂದು ವಿಭಾಗವನ್ನು, 179 ಆಗಿದ್ದರೆ ಇಎಂಎಂಸಿ ಅಥವಾ ಎಸ್‌ಡಿ ಕಾರ್ಡ್ ಅನ್ನು ಅದು ಹೆಸರಿನಿಂದ ಗುರುತಿಸಿದೆ. ಒಳಗಿರುವುದನ್ನು ಓದಲಾಗಲಿಲ್ಲ, ಇಲ್ಲವೇ ಸೂಚಿಸಿದ ವಿಭಾಗ ಅಲ್ಲಿಲ್ಲ. ಯುಬಿಐ ಎಂಬ ಪದರದ ಮೇಲೆ ಫೈಲ್ ಸಿಸ್ಟಮ್ ಇಟ್ಟಿರುವ ಸಾಧನಗಳಲ್ಲಿ ಮಾತ್ರ ಹೇಗೂ 0,0 ಬರುತ್ತದೆ. ಅಲ್ಲಿ ಅದಕ್ಕಿಂತ ಮೇಲಿನ ಯುಬಿಐ ಸಾಲುಗಳನ್ನು ಓದಬೇಕು. ಸಂದೇಶದ ಆಸುಪಾಸಿನಲ್ಲಿ ಕರ್ನಲ್ ತನಗೆ ಕಂಡ ವಿಭಾಗಗಳ ಪಟ್ಟಿಯನ್ನೂ ಕೊಡುತ್ತದೆ. ಪಟ್ಟಿ ಬರಿದಾಗಿದ್ದರೆ ಚಾಲಕ ತಂತ್ರಾಂಶ ಅಥವಾ ಬೆಸುಗೆಯತ್ತ ನೋಡಬೇಕು. ತುಂಬಿದ್ದರೆ ವಿಳಾಸದತ್ತ ನೋಡಬೇಕು. ಬೋರ್ಡ್ ಗುಜರಿಗೆ ಹೋಗಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಈ ಕೆಲವು ಸಾಲುಗಳಲ್ಲೇ ಇರುತ್ತದೆ.

ಕಾರಣಗಳ ಸರದಿ

ಕಾರಣಗಳನ್ನು ಸುಲಭದಿಂದ ಕಠಿಣದ ಕಡೆಗೆ ಸಾಗಿ ಹುಡುಕುವುದು ಲೇಸು. ಮೊದಲನೆಯದು ವಿಳಾಸದ ತಪ್ಪು. ಹೊಸ ಆವೃತ್ತಿಯಲ್ಲಿ ಕರ್ನಲ್ ದೊಡ್ಡದಾಯಿತೆಂದು ವಿಭಾಗಗಳ ಗಡಿಯನ್ನು ಸರಿಸಿ, ಬೂಟ್‌ಲೋಡರ್‌ನಲ್ಲಿ ಹಳೆಯ ಗಡಿಯನ್ನೇ ಬಿಟ್ಟರೆ ಉಗ್ರಾಣ ಒಂದೆಡೆ, ಬಾಗಿಲು ಇನ್ನೊಂದೆಡೆ ಆಗುತ್ತದೆ. ಇಎಂಎಂಸಿ ಹಾಗೂ ಎಸ್‌ಡಿ ಕಾರ್ಡ್‌ಗಳನ್ನು ಗುರುತಿಸಲು ಕ್ಷಣಕಾಲ ಬೇಕಾಗುವುದರಿಂದ, ಕಾಯುವಂತೆ ಹೇಳುವ ‘ರೂಟ್‌ವೇಟ್’ ಎಂಬ ಸೂಚನೆ ಇಲ್ಲದಿದ್ದರೆ ಕೆಲವು ಸಾಧನಗಳು ಒಮ್ಮೆ ಏಳುತ್ತವೆ, ಇನ್ನೊಮ್ಮೆ ಏಳುವುದಿಲ್ಲ. ಎರಡನೆಯದು, ಫ್ಲ್ಯಾಶ್ ಅಥವಾ ಫೈಲ್ ಸಿಸ್ಟಮ್ ಚಾಲಕವನ್ನು ಕರ್ನಲ್‌ನೊಳಗೆ ಸೇರಿಸದೆ ಪ್ರತ್ಯೇಕ ಮಾಡ್ಯೂಲ್ ಆಗಿ ಉಗ್ರಾಣದಲ್ಲೇ ಇಡುವುದು. ಉಗ್ರಾಣದ ಬೀಗದ ಕೈ ಉಗ್ರಾಣದೊಳಗೇ ಉಳಿದರೆ ಬಾಗಿಲು ತೆರೆಯುವವರು ಯಾರು?

ಮೂರನೆಯ ಕಾರಣ ಉದ್ದಿಮೆದಾರರ ಖರೀದಿ ವಿಭಾಗಕ್ಕೇ ನೇರವಾಗಿ ಸಂಬಂಧಿಸಿದ್ದು. ತೋಶಿಬಾ ಸಂಸ್ಥೆಯ ಫುಜಿಯೋ ಮಸುವೋಕಾ ಅವರ ತಂಡ 1987ರಲ್ಲಿ ಜಗತ್ತಿಗೆ ಪರಿಚಯಿಸಿದ ನ್ಯಾಂಡ್ ಫ್ಲ್ಯಾಶ್ ಅಗ್ಗವಾಗಿರುವುದಕ್ಕೆ ಒಂದು ಬೆಲೆ ತೆರಲೇಬೇಕು. 128 ಮೆಗಾಬೈಟ್‌ನ ಸಾಮಾನ್ಯ ಎಸ್‌ಎಲ್‌ಸಿ ಚಿಪ್‌ನಲ್ಲಿ 1024 ಬ್ಲಾಕ್‌ಗಳಿದ್ದರೆ, ಅವುಗಳಲ್ಲಿ 20ರವರೆಗೆ ಕೆಟ್ಟಿರಬಹುದೆಂದು ತಯಾರಕರೇ ವಿವರಪತ್ರದಲ್ಲಿ ಹೇಳಿಕೊಳ್ಳುತ್ತಾರೆ. ಕೆಟ್ಟ ಬ್ಲಾಕ್‌ಗಳು ಪ್ರತಿ ಚಿಪ್‌ನಲ್ಲೂ ಬೇರೆ ಬೇರೆ ಜಾಗದಲ್ಲಿರುತ್ತವೆ. ಆದ್ದರಿಂದ ಚೆನ್ನಾಗಿ ನಡೆಯುವ ಒಂದು ಚಿಪ್‌ನ ಪಡಿಯಚ್ಚು ತೆಗೆದು, ಕೆಟ್ಟ ಬ್ಲಾಕ್‌ಗಳನ್ನು ಲೆಕ್ಕಿಸದೆ ಉಳಿದ ಚಿಪ್‌ಗಳಿಗೆ ಯಥಾವತ್ತಾಗಿ ಬರೆದರೆ ಕೆಲವು ಸಾಧನಗಳು ನಡೆದು ಕೆಲವು ನಡೆಯದಿರುವುದು ಸಹಜ. ಆಗ ಚಿಪ್ ಪೂರೈಸಿದ ವ್ಯಾಪಾರಿಯ ಮೇಲೆ ದೂರು ಹೊರಿಸುವುದು ನ್ಯಾಯವಲ್ಲ.

ಬದಲಿ ಚಿಪ್ ಖರೀದಿಯಲ್ಲೂ ಇದೇ ಅಪಾಯವಿದೆ. ಸಾಮರ್ಥ್ಯ ಒಂದೇ, ಕಾಲುಗಳ ಜೋಡಣೆಯೂ ಒಂದೇ ಎಂದು ಬೇರೊಬ್ಬ ತಯಾರಕರ ಚಿಪ್ ತಂದಾಗ ಅದರ ಪುಟದ ಗಾತ್ರ 2048ರ ಬದಲು 4096 ಬೈಟ್ ಇರಬಹುದು. ಹಳೆಯದಕ್ಕೆ 1 ಬಿಟ್ ದೋಷ ತಿದ್ದುವ ವ್ಯವಸ್ಥೆ ಸಾಕಾಗಿದ್ದರೆ ಹೊಸದು 4 ಅಥವಾ 8 ಬಿಟ್ ಕೇಳಬಹುದು. ಬೂಟ್‌ಲೋಡರ್ ಒಂದು ಬಗೆಯ ದೋಷ ತಿದ್ದುಪಡಿಯಲ್ಲಿ ಬರೆದು ಕರ್ನಲ್ ಇನ್ನೊಂದು ಬಗೆಯಲ್ಲಿ ಓದಿದರೆ, ಅಚ್ಚುಕಟ್ಟಾಗಿ ಬರೆದ ಮಾಹಿತಿಯೂ ದೋಷಮಯವಾಗಿ ಕಾಣುತ್ತದೆ. ಯುಬಿಐ ಬಳಸುವಲ್ಲಿ ತಲೆಬರಹದ ಸ್ಥಾನ 2048ನೇ ಬೈಟ್‌ನಲ್ಲಿದೆ, ಇರಬೇಕಾದುದು 512ರಲ್ಲಿ ಎಂಬ ಅರ್ಥದ ದೋಷಸಂದೇಶ ಬಂದರೆ, ಇಮೇಜ್ ತಯಾರಿಸಿದವರು ಉಪಪುಟದ ಗಾತ್ರವನ್ನು ಒಂದು ರೀತಿ ಎಣಿಸಿದ್ದಾರೆ, ಚಿಪ್‌ನ ಚಾಲಕ ಇನ್ನೊಂದು ರೀತಿ ಎಣಿಸಿದೆ ಎಂದೇ ತಿಳಿಯಬೇಕು. ಇದು ಬರಿಯ ಲೆಕ್ಕದ ವ್ಯತ್ಯಾಸ. ಹೊಸ ಬೋರ್ಡ್ ಹಾಕುವುದರಿಂದ ಇದು ಸರಿಹೋಗುವುದಿಲ್ಲ, ಏಕೆಂದರೆ ಅದೇ ಕಂತಿನ ಹೊಸ ಬೋರ್ಡ್‌ನಲ್ಲೂ ಅದೇ ವ್ಯತ್ಯಾಸ ಕುಳಿತಿರುತ್ತದೆ.

ಸವೆತ ಮತ್ತು ಮರುದಾರಿ

ಕೊನೆಯದು ನಿಜವಾದ ಸವೆತ. ಎಸ್‌ಎಲ್‌ಸಿ ಫ್ಲ್ಯಾಶ್‌ನ ಒಂದು ಬ್ಲಾಕ್ ಸುಮಾರು 1 ಲಕ್ಷ ಬಾರಿ ಅಳಿಸಿ ಬರೆಯುವುದನ್ನು ತಾಳಿದರೆ, ಅಗ್ಗದ ಎಂಎಲ್‌ಸಿ ಕೆಲವು ಸಾವಿರ ಬಾರಿ ಮಾತ್ರ ತಾಳುತ್ತದೆ. ದೊಡ್ಡ ಸಂಸ್ಥೆಗಳೂ ಇಲ್ಲಿ ಎಡವಿವೆ. ಅಮೆರಿಕದಲ್ಲಿ 2021ರ ಫೆಬ್ರವರಿಯಲ್ಲಿ ಟೆಸ್ಲಾ ಸಂಸ್ಥೆ ಸುಮಾರು 1.35 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅವುಗಳ ಪರದೆಯ ಹಿಂದಿದ್ದ 8 ಗಿಗಾಬೈಟ್ ಇಎಂಎಂಸಿ ಸತತ ಬರವಣಿಗೆಯಿಂದ ಸವೆದು, ಹಿಂಬದಿಯ ಕ್ಯಾಮೆರಾದ ನೋಟವೂ ಸಿಗದಂತಾಗುತ್ತಿತ್ತು. ಲಕ್ಷಾಂತರ ರೂಪಾಯಿಯ ವಾಹನದ ಆಯುಷ್ಯಕ್ಕಿಂತ ಅದರೊಳಗಿನ ಪುಟ್ಟ ಚಿಪ್‌ನ ಆಯುಷ್ಯ ಕಿರಿದಾಗಿತ್ತು.

ಇದಕ್ಕಿಂತ ಹಿಂದಿನ, ಹೆಚ್ಚು ಬೋಧಪ್ರದವಾದ ಉದಾಹರಣೆ ಮಂಗಳ ಗ್ರಹದ್ದು. 2004ರ ಜನವರಿಯಲ್ಲಿ ಅಲ್ಲಿಗಿಳಿದ ನಾಸಾದ ಸ್ಪಿರಿಟ್ ವಾಹನ ಮೂರು ವಾರ ತುಂಬುವ ಮೊದಲೇ ಪದೇ ಪದೇ ತಾನಾಗಿ ಮರುಪ್ರಾರಂಭವಾಗತೊಡಗಿತು. 60ಕ್ಕೂ ಹೆಚ್ಚು ಬಾರಿ ಹೀಗಾಯಿತು. ಫ್ಲ್ಯಾಶ್‌ನಲ್ಲಿ ಕಡತಗಳು ಕೂಡಿಕೊಂಡು, ಮೌಂಟ್ ಮಾಡುವಾಗ ಅವುಗಳ ಪಟ್ಟಿಯನ್ನು ಹಿಡಿದಿಡಲು ಕಾರ್ಯಸ್ಮೃತಿಯಲ್ಲಿ ಸ್ಥಳ ಸಾಲದೆ ಹೋಗಿತ್ತು. ಚಿಪ್ ಕೆಟ್ಟಿರಲಿಲ್ಲ. ಫ್ಲ್ಯಾಶ್ ಅನ್ನು ಮುಟ್ಟದೆಯೇ ಏಳುವ ಇನ್ನೊಂದು ದಾರಿಯನ್ನು ವಿನ್ಯಾಸಕಾರರು ಮೊದಲೇ ಇಟ್ಟಿದ್ದರು. ಆ ದಾರಿಯಿಂದ ವಾಹನವನ್ನು ಎಬ್ಬಿಸಿ, ಕಡತಗಳನ್ನು ಅಳಿಸಿ, ಫೆಬ್ರವರಿಯ ಮೊದಲ ವಾರದಲ್ಲಿ ಅದನ್ನು ಮತ್ತೆ ಕೆಲಸಕ್ಕೆ ಹಚ್ಚಲಾಯಿತು. ಅದು 2010ರವರೆಗೆ ದುಡಿಯಿತು. ಬೋರ್ಡ್ ಬದಲಿಸುವ ಅವಕಾಶವೇ ಇಲ್ಲದ ಕಡೆ ಸಾಧನವನ್ನು ಉಳಿಸಿದ್ದು ಮರುದಾರಿ. ರಾಯಚೂರಿನ ಹಳ್ಳಿಯಲ್ಲಿ ನಿಂತುಹೋದ ಯಂತ್ರಕ್ಕಾಗಿ ಬೆಂಗಳೂರಿನ ಪೀಣ್ಯದಿಂದ ತಂತ್ರಜ್ಞರನ್ನು ಕಳುಹಿಸುವ ಉದ್ದಿಮೆದಾರರಿಗೂ ಈ ಪಾಠ ಅನ್ವಯಿಸುತ್ತದೆ.

ಉದ್ದಿಮೆದಾರರು ಕೇಳಬೇಕಾದುದು

‘ಸಣ್ಣ ಉದ್ದಿಮೆಗೆ ಇಷ್ಟೆಲ್ಲ ಪರಿಶೀಲನೆಗೆ ಪುರುಸೊತ್ತೆಲ್ಲಿ, ಬೋರ್ಡ್ ಬದಲಿಸುವುದೇ ಅಗ್ಗ’ ಎಂಬ ವಾದ ಕೇಳಿಬರುತ್ತದೆ. ಗ್ರಾಹಕರ ಕೆಲಸ ನಿಲ್ಲಬಾರದೆಂದು ಸ್ಥಳದಲ್ಲೇ ಬೋರ್ಡ್ ಬದಲಿಸುವುದರಲ್ಲಿ ತಪ್ಪಿಲ್ಲ. ಮರಳಿ ಬಂದ ಬೋರ್ಡ್‌ನ ಸಂದೇಶವನ್ನು ಓದದೆ ಎಸೆಯುವುದು ತಪ್ಪು. ಒಂದು ಬೋರ್ಡ್‌ನ ಬೆಲೆ ಸಣ್ಣದಿರಬಹುದು. ಕಾರಣ ತಿಳಿಯದೆ ಅದೇ ಕಂತಿನಲ್ಲಿ ಇನ್ನೂ ನೂರಾರು ಸಾಧನಗಳನ್ನು ಮಾರುಕಟ್ಟೆಗೆ ಬಿಟ್ಟರೆ ನಷ್ಟ ಹಣಕ್ಕೆ ನಿಲ್ಲದೆ ಹೆಸರಿಗೂ ತಾಗುತ್ತದೆ.

ಪರಿಹಾರ ಕರಾರಿನಲ್ಲೇ ಆರಂಭವಾಗಬೇಕು. ಗುತ್ತಿಗೆದಾರರಿಗೆ ಕೊನೆಯ ಕಂತಿನ ಹಣ ಪಾವತಿಸುವ ಮುನ್ನ ಉದ್ದಿಮೆದಾರರು ಈ ಕೆಳಗಿನವನ್ನು ಬರಹದಲ್ಲಿ ಪಡೆಯುವುದು ಅವಶ್ಯ.

1. ಸೀರಿಯಲ್ ಪೋರ್ಟ್‌ನ ಕಾಲುಗಳ ವಿವರ ಮತ್ತು ಸುಸ್ಥಿತಿಯ ಸಾಧನವೊಂದು ಏಳುವಾಗಿನ ಸಂಪೂರ್ಣ ಸಂದೇಶಪ್ರತಿ. ಕೆಟ್ಟದ್ದನ್ನು ಅದರೊಡನೆ ಹೋಲಿಸಿದರೆ ಎಲ್ಲಿ ದಾರಿ ತಪ್ಪಿತೆಂಬುದು ಸಾಮಾನ್ಯ ತಂತ್ರಜ್ಞರಿಗೂ ತಿಳಿಯುತ್ತದೆ.

2. ಚಿಪ್‌ನ ಪೂರ್ಣ ಸಂಖ್ಯೆ, ಪುಟ ಮತ್ತು ಬ್ಲಾಕ್‌ನ ಗಾತ್ರ, ದೋಷ ತಿದ್ದುಪಡಿಯ ಬಗೆ, ವಿಭಾಗಗಳ ಗಡಿ, ಕರ್ನಲ್‌ಗೆ ನೀಡುವ ಸೂಚನೆಗಳು – ಇವೆಲ್ಲ ಇರುವ ಒಂದು ಹಾಳೆ. ಖರೀದಿ ವಿಭಾಗ ಚಿಪ್ ಬದಲಿಸುವ ಮುನ್ನ ಈ ಹಾಳೆಯನ್ನು ನೋಡಲೇಬೇಕು. ಬದಲಿಸಿದರೆ ಹೊಸ ಪರೀಕ್ಷೆ ನಡೆಯಲೇಬೇಕು.

3. ಬೂಟ್‌ಲೋಡರ್ ಮತ್ತು ಕರ್ನಲ್‌ನ ಮೂಲ ಸಂಕೇತ ಹಾಗೂ ಅದನ್ನು ಮರಳಿ ಕಟ್ಟುವ ವಿಧಾನ. ಕರ್ನಲ್‌ನ ಪರವಾನಗಿಯಾದ ಜಿಪಿಎಲ್ ಪ್ರಕಾರ ಸಾಧನ ಪಡೆದವರಿಗೆ ಮೂಲ ಸಂಕೇತವನ್ನು ಒದಗಿಸುವುದು ಮಾರುವವರ ಹೊಣೆ. 2004ರಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯ ಈ ಪರವಾನಗಿಯ ಷರತ್ತುಗಳನ್ನು ಎತ್ತಿಹಿಡಿದಿದೆ. ರಫ್ತುದಾರರು ಇದನ್ನು ಮರೆಯಬಾರದು.

4. ಮುಖ್ಯ ಪ್ರತಿ ಕೆಟ್ಟಾಗ ಏಳಲು ಎರಡನೆಯ ಪ್ರತಿ. ರೂಟ್ ಫೈಲ್ ಸಿಸ್ಟಮ್ ಅನ್ನು ಓದಲು ಮಾತ್ರ ಬರುವಂತಿಟ್ಟು, ದಿನದಿನದ ಲೆಕ್ಕವನ್ನು ಪ್ರತ್ಯೇಕ ವಿಭಾಗದಲ್ಲಿ ಬರೆಯುವ ವಿನ್ಯಾಸ.

5. ಬರೆಯುತ್ತಿರುವಾಗಲೇ ವಿದ್ಯುತ್ ಕಡಿದು ಮಾಡಿದ ಪರೀಕ್ಷೆಯ ವರದಿ. ವಿದ್ಯುತ್ ಕಡಿತ ಅಪರೂಪವಲ್ಲದ ಊರುಗಳಲ್ಲಿ ಮಾರುವ ಸಾಧನಕ್ಕೆ ಈ ಪರೀಕ್ಷೆ ಐಚ್ಛಿಕವಲ್ಲ. ಇದನ್ನು ತಾಳಿಕೊಳ್ಳಲೆಂದೇ ರೂಪಿಸಿದ ಫೈಲ್ ಸಿಸ್ಟಮ್‌ಗಳು ಲಭ್ಯವಿವೆ. ಉದಾಹರಣೆಗೆ, ನೋಕಿಯಾ ಸಂಸ್ಥೆ ಹಂಗೇರಿಯ ಸೆಗೆಡ್ ವಿಶ್ವವಿದ್ಯಾಲಯದ ನೆರವಿನಿಂದ ಸಿದ್ಧಪಡಿಸಿದ ಯುಬಿಐಎಫ್ಎಸ್ 2008ರಿಂದ ಲಿನಕ್ಸ್‌ನ ಭಾಗವಾಗಿದೆ.

ಇಂತಹ ಸಾಧನಗಳನ್ನು ಮಾರುವ ವರ್ತಕರಿಗೂ ಇಲ್ಲಿ ಪಾತ್ರವಿದೆ. ಬೆಲೆ ಮತ್ತು ಖಾತರಿಯ ಅವಧಿಯ ಜೊತೆಗೆ ‘ಸಾಧನ ಏಳದಿದ್ದರೆ ಮರುದಾರಿ ಯಾವುದು’ ಎಂದು ತಯಾರಕರನ್ನು ಕೇಳುವ ರೂಢಿ ಬೆಳೆಯಬೇಕು. ಉತ್ತರ ಕೊಡಬಲ್ಲ ತಯಾರಕರ ಸರಕು ಒಂದಿಷ್ಟು ದುಬಾರಿಯಾದರೂ ಅದನ್ನೇ ಆರಿಸುವುದು ಜಾಣತನ. ವಾಣಿಜ್ಯ ಸಂಸ್ಥೆಗಳು ಹಾಗೂ ಕೈಗಾರಿಕಾ ಸಂಘಗಳು ತಮ್ಮ ತರಬೇತಿ ಕಾರ್ಯಕ್ರಮಗಳಲ್ಲಿ ಸೇವಾ ತಂತ್ರಜ್ಞರಿಗೆ ಬೂಟ್ ಸಂದೇಶಗಳನ್ನು ಓದುವುದನ್ನು ಒಂದು ದಿನದ ಪಾಠವಾಗಿ ಸೇರಿಸಿದರೆ ಬಿಡಿ ಬಿಡಿಯಾಗಿ ಆಗದ ಕೆಲಸ ಒಟ್ಟಾಗಿ ಆಗುತ್ತದೆ.

ತಯಾರಕರೆಂದು ಪೆಟ್ಟಿಗೆಯ ಮೇಲೆ ಹೆಸರು ಹಾಕಿಕೊಂಡವರು ಒಳಗಿನ ತಂತ್ರಾಂಶವನ್ನು ತಾವೇ ಬರೆಯಬೇಕೆಂದೇನೂ ಇಲ್ಲ. ಆದರೆ ಅದು ಎಲ್ಲಿದೆ, ಹೇಗೆ ಏಳುತ್ತದೆ, ಏಳದಿದ್ದರೆ ಏನು ಮಾಡಬೇಕು ಎಂಬ ಮೂರು ಮಾತುಗಳು ಅವರ ಕಡತದಲ್ಲಿರಬೇಕು. ಅಷ್ಟಿಲ್ಲದಿದ್ದರೆ ಅವರು ತಯಾರಿಸುತ್ತಿರುವುದು ಪೆಟ್ಟಿಗೆಯನ್ನು ಮಾತ್ರ. ಉತ್ಪನ್ನದ ಒಡೆತನ ಬೇರೆಯವರ ಕೈಯಲ್ಲಿದೆ.