ಹಿತ್ತಲಿಗೆ ಹೋಗಿ ಮೊಳ ಹಾಕಿದವಳು

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ.’ ಕಳೆದ ತಿಂಗಳು ನಮ್ಮ ಮಹಿಳಾ ಮಂಡಳದ ಸಭೆಯಲ್ಲಿ ಈ ಗಾದೆ ನನ್ನ ಮೇಲೆ ಬಂದು ಬಿತ್ತು. ನಾನು ಹೇಳಿದ್ದಿಷ್ಟೇ: ಮಂಡಳದ ಹಿಂದಿನ ಕೋಣೆ ವರ್ಷವಿಡೀ ಬೀಗ ಹಾಕಿಕೊಂಡು ಬಿದ್ದಿರುತ್ತದೆ. ಅಲ್ಲಿ ವಾರಕ್ಕೆ ಎರಡು ದಿನ ಹಳೆಯ ಬಟ್ಟೆಬರೆ, ಪುಸ್ತಕ, ಪಾತ್ರೆಗಳ ಅಂಗಡಿ ನಡೆಸೋಣ. ಸರದಿಯ ಮೇಲೆ ನಾವೇ ಕೂರೋಣ. ಒಂದೊಂದಕ್ಕೂ ಹತ್ತೋ ಇಪ್ಪತ್ತೋ ರೂಪಾಯಿ ಬೆಲೆ ಇಡೋಣ. ಬಂದ ಹಣ ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಹೋಗಲಿ.

“ಹಳೇ ಸೀರಿಗೆ ರೊಕ್ಕಾ ಇಸಗೋಬೇಕೇನ್ರೀ ವೈನಿ? ಧರ್ಮಕ್ಕ ಕೊಟ್ರನ ಮೊಳಾ ಹಾಕಿ ನೋಡೂ ಮಂದಿ ಇದು!” ಎಂದರು ನನ್ನ ಬಹುಕಾಲದ ಗೆಳತಿ. ಎಲ್ಲರೂ ನಕ್ಕರು. ಚಹಾ ಬಂತು, ವಿಷಯ ಮುಗಿಯಿತು. ನನಗೆ ಸಭೆಯಲ್ಲಿ ಎಂದೂ ಉತ್ತರ ಹೊಳೆಯುವುದಿಲ್ಲ. ಮನೆಗೆ ಬಂದು ಕುಕ್ಕರ್ ಇಟ್ಟ ಮೇಲೆ ಹೊಳೆಯುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ತಲೆಯೊಳಗೆ ಈ ಹುಳ ಹೊಕ್ಕಿದ್ದು 2023ರ ಜೂನಿನಲ್ಲಿ, ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ಎಂಬ ದ್ವೀಪದಲ್ಲಿ. ಮಗಳು ಅಲ್ಲಿಯ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ; ನಾನು ಎರಡು ತಿಂಗಳು ಇದ್ದು ಬರಲು ಹೋಗಿದ್ದೆ. ದ್ವೀಪಕ್ಕೆ ಸೇತುವೆಯಿಲ್ಲ. ಮನುಷ್ಯರಿಂದ ಮಂಚದವರೆಗೆ ಬಹುತೇಕ ಎಲ್ಲವೂ ಹಡಗು ಹತ್ತಿಯೇ ಬರಬೇಕು. ವಿಕ್ಟೋರಿಯಾ ರಾಣಿ ಕೊನೆಯುಸಿರೆಳೆದ ಆಸ್ಬರ್ನ್ ಅರಮನೆ ಇರುವುದು ಇಲ್ಲಿಯೇ. ಮಗಳು ಮೊದಲ ವಾರವೇ ಅದನ್ನು ತೋರಿಸಿದಳು. ಪಂಜಾಬಿನ ಭಾಯಿ ರಾಮ್ ಸಿಂಗ್ ರೂಪಿಸಿದ ದರ್ಬಾರ್ ಕೋಣೆಯನ್ನೂ ಅದರ ತುಂಬ ನಮ್ಮ ದೇಶದಿಂದ ಹೋದ ಕಾಣಿಕೆಗಳನ್ನೂ ನೋಡಿದೆ. ಆದರೆ ನನಗೆ ಬುದ್ಧಿ ಕಲಿಸಿದ್ದು ಆ ಅರಮನೆಯಲ್ಲ, ವೆಂಟ್ನರ್ ಎಂಬ ಪುಟ್ಟ ಊರಿನ ಇಳಿಜಾರು ಬೀದಿಯಲ್ಲಿದ್ದ ಒಂದು ಹಳೇ ಅರಿವೆಯ ಅಂಗಡಿ.

ವೆಂಟ್ನರ್ ಗುಡ್ಡದ ಮೈಗೆ ಮೆಟ್ಟಿಲುಮೆಟ್ಟಿಲಾಗಿ ಅಂಟಿಕೊಂಡ ಊರು. ಒಂದು ಕಾಲಕ್ಕೆ ಕ್ಷಯರೋಗಿಗಳು ಬೆಚ್ಚನೆಯ ಹವೆಗೆಂದು ಇಲ್ಲಿಗೆ ಬರುತ್ತಿದ್ದರಂತೆ. ಅಂಗಡಿಯ ಗಾಜಿನ ಹಿಂದೆ ಒಂದು ಉಣ್ಣೆಯ ಕೋಟು, ಹೂವಿನ ಚಿತ್ರದ ಚಹಾ ಬಟ್ಟಲು, ಮಕ್ಕಳ ಗಂಬೂಟು. ಕೊನೆಗಾಲದ ರೋಗಿಗಳ ಶುಶ್ರೂಷೆಗೆ ಹಣ ಕೂಡಿಸುವ ಅಂಗಡಿ ಅದು. ಮಗಳು ಒಳಗೆ ಹೋದಳು, ನಾನು ಬಾಗಿಲಲ್ಲೇ ನಿಂತೆ. ಸತ್ತವರ ಬಟ್ಟೆ ಇರಬಹುದಲ್ಲವೇ? ಕಂಡವರು ಮೈಗೆ ಹಾಕಿದ್ದನ್ನು ನನ್ನ ಮಗಳು ಹಾಕಬೇಕೇ? ಸಂಬಳ ಸಾಲುತ್ತಿಲ್ಲವೇ ಇವಳಿಗೆ? ಹೀಗೆಲ್ಲ ಕುದಿದೆ. ಹೊರಗೆ ಕಡಲ ಗಾಳಿ ಚುಚ್ಚುತ್ತಿತ್ತು. ನನ್ನ ಮಡಿಗಿಂತ ಚಳಿ ದೊಡ್ಡದಾಗಿ ಒಳಗೆ ಹೋದೆ.

ಆಮೇಲೆ ವಾರಕ್ಕೆರಡು ಸಲ ಹೋದೆ. ಮಗಳು ಡ್ಯೂಟಿಗೆ ಹೋದರೆ ನನಗೆ ಬೇರೆ ಕೆಲಸವೇನಿತ್ತು?

ಅಂಗಡಿ ನಡೆಸುವವರು ಹೆಚ್ಚಾಗಿ ನನ್ನ ವಯಸ್ಸಿನ, ನನಗಿಂತ ಹಿರಿಯ ಹೆಂಗಸರು. ಸಂಬಳವಿಲ್ಲ, ಅರ್ಧ ದಿನದ ಸರದಿ. ಹಿಂದಿನ ಕೋಣೆಯಲ್ಲಿ ಒಬ್ಬರು ಬಂದ ಚೀಲಗಳನ್ನು ಬಿಚ್ಚಿ ಆರಿಸುತ್ತಾರೆ. ಗುಂಡಿ ಬಿದ್ದಿದೆಯೇ, ಕಂಕುಳಲ್ಲಿ ಕಲೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಇನ್ನೊಬ್ಬರು ಹಬೆಯ ಯಂತ್ರದಿಂದ ಸುಕ್ಕು ತೆಗೆದು ಹ್ಯಾಂಗರಿಗೆ ಹಾಕುತ್ತಾರೆ. ಅಳತೆಯ ಚೀಟಿ, ಬೆಲೆಯ ಚೀಟಿ. ನಾಲ್ಕು ಪೌಂಡಿಗೆ ಸ್ವೆಟರು, ಐವತ್ತು ಪೆನ್ನಿಗೆ ಪುಸ್ತಕ. ಕೆಲವು ವಾರ ತೂಗಿಯೂ ಮಾರಾಟವಾಗದ ಬಟ್ಟೆ ಚಿಂದಿಯ ಚೀಲಕ್ಕೆ. ಅದನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಇಷ್ಟು ಅಚ್ಚುಕಟ್ಟನ್ನು ನಾನು ನಮ್ಮೂರಿನ ಹೊಸ ಬಟ್ಟೆಯ ಅಂಗಡಿಗಳಲ್ಲೂ ಕಂಡಿಲ್ಲ.

ಒಂದು ದಿನ ಎಳೆಯ ತಾಯಿಯೊಬ್ಬಳು ಎರಡು ಮಕ್ಕಳನ್ನು ಎಳೆದುಕೊಂಡು ಬಂದಳು. ಅವಳ ಕೈಲಿ ಹಣ ಹೆಚ್ಚಿಲ್ಲವೆಂಬುದು ಪರ್ಸು ತೆರೆದ ರೀತಿಯಲ್ಲೇ ತಿಳಿಯುತ್ತಿತ್ತು. ಅದಕ್ಕೆ ಯಾವ ದೇಶದ ಭಾಷೆಯೂ ಬೇಕಿಲ್ಲ. ಕೌಂಟರಿನ ಮೊಳೆಗೆ ಅಳತೆಯ ಟೇಪು ತೂಗುತ್ತಿತ್ತು. ಅದನ್ನು ತೆಗೆದು ಮಗನ ಸೊಂಟ ಅಳೆದಳು. ಒಂದು ಪ್ಯಾಂಟನ್ನು ತಿರುವಿ, ಮಗುಚಿ, ಹೊಲಿಗೆ ಎಳೆದು ನೋಡಿ, “ಇದು ಬೇಡ” ಎಂದು ಮರಳಿ ತೂಗುಹಾಕಿದಳು. ಇನ್ನೊಂದನ್ನೂ ಬೇಡವೆಂದಳು. ಮೂರನೆಯದಕ್ಕೆ ಹಣ ಕೊಟ್ಟು ಚೀಟಿ ಪಡೆದು ನಡೆದಳು. ಕೌಂಟರಿನ ಮುದುಕಿ ಥ್ಯಾಂಕ್ಸ್ ಹೇಳಿದರು. ಗಮನಿಸಿ: ಉಪಕಾರ ಸ್ಮರಿಸಿದ್ದು ಕೊಟ್ಟವರು, ತೆಗೆದುಕೊಂಡವಳಲ್ಲ.

ನಾನು ಅಲ್ಲಿಯೇ ಇದ್ದ ಮೋಡೆಯ ಮೇಲೆ ಕುಳಿತುಬಿಟ್ಟೆ. ನಮ್ಮ ಮನೆಗೆಲಸಕ್ಕೆ ಬರುವಾಕೆ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ನನಗೆ ‘ಬೇಡ’ ಅಂದದ್ದಿಲ್ಲ.

ಬಿಳಿಯರು ನಮಗಿಂತ ಒಳ್ಳೆಯವರೆಂದು ನಾನು ಹೇಳಹೊರಟಿಲ್ಲ. ಈ ಪದ್ಧತಿಯೇನೂ ಅವರ ರಕ್ತದಲ್ಲಿ ಬಂದದ್ದಲ್ಲ. ಯುದ್ಧಕಾಲದಲ್ಲೂ ಅದರ ನಂತರವೂ, 1941ರಿಂದ 1949ರವರೆಗೆ, ಅಲ್ಲಿ ಬಟ್ಟೆಗೂ ರೇಷನ್ ಇತ್ತು. ಒಂದು ಅಂಗಿಗೆ ಇಷ್ಟು ಕೂಪನ್ ಎಂದು ಲೆಕ್ಕ. ಗ್ರೀಸ್ ದೇಶದ ಹಸಿದವರಿಗಾಗಿ 1942ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಸಮಿತಿ, ಅಂದರೆ ಇಂದಿನ ಆಕ್ಸ್‌ಫ್ಯಾಮ್, 1947ರ ಕೊನೆಗೆ ಬ್ರಾಡ್ ಸ್ಟ್ರೀಟಿನಲ್ಲಿ ಅಂಗಡಿ ತೆರೆಯಿತು. ಇಂದು ಬ್ರಿಟನ್ನಿನಲ್ಲಿ ಇಂಥ 10,000ಕ್ಕೂ ಹೆಚ್ಚು ಅಂಗಡಿಗಳಿವೆ. ಸರಕಾರ ಅವುಗಳ ಸ್ಥಳೀಯ ತೆರಿಗೆಯಲ್ಲಿ ಶೇಕಡಾ 80 ಬಿಟ್ಟುಕೊಡುತ್ತದೆ. ಕಾನೂನು, ಲೆಕ್ಕ, ಶಿಸ್ತು. ಉಳಿದದ್ದು ಮುದುಕಿಯರ ದುಡಿಮೆ. ಕಾರ್ಲ್ ಮಾರ್ಕ್ಸ್ ಕೂಡ 1882ರಲ್ಲಿ ಎದೆಯ ಬೇನೆಗೆಂದು ವೆಂಟ್ನರಿಗೆ ಬಂದು ಉಳಿದಿದ್ದನಂತೆ. ಸರಕಿಗೆ ಅಸಲಿಲ್ಲ, ದುಡಿದವರಿಗೆ ಕೂಲಿಯಿಲ್ಲ, ಆದರೂ ಗಲ್ಲಾ ತುಂಬುತ್ತದೆ. ಈ ಅಂಗಡಿಯನ್ನು ನೋಡಿದ್ದರೆ ಆ ಮಹಾಶಯ ಏನೆನ್ನುತ್ತಿದ್ದನೋ!

ದೋಷಗಳೂ ಕಂಡವು. ಬೆಲೆಚೀಟಿ ಸಹ ಕೀಳದ ಹೊಸ ಅಂಗಿಗಳು ಚೀಲಗಟ್ಟಲೆ ಬರುತ್ತಿದ್ದವು. ಕೊಳ್ಳುವ ಚಟಕ್ಕೆ ಈ ಅಂಗಡಿ ಒಂದು ಪಾಪನಿವೇದನೆಯ ಸ್ಥಳವೂ ಹೌದು. ಬ್ರಿಟನ್ನಿನ ಚಿಂದಿಯಲ್ಲಿ ಬಹಳಷ್ಟು ಸಮುದ್ರ ದಾಟುತ್ತದೆ. ಒಂದಿಷ್ಟು ಘಾನಾದ ಮಾರುಕಟ್ಟೆಗೆ, ಒಂದಿಷ್ಟು ನಮ್ಮ ಹರಿಯಾಣದ ಪಾಣಿಪತ್ತಿಗೆ. ಪಾಣಿಪತ್ತಿನಲ್ಲಿ ಹೆಂಗಸರು ಕುಳಿತು ಗುಂಡಿ, ಜಿಪ್ಪು ಕತ್ತರಿಸಿ, ಬಣ್ಣಬಣ್ಣ ಬೇರೆ ಮಾಡುತ್ತಾರೆ. ಉಣ್ಣೆಯನ್ನು ಹರಿದು ಮತ್ತೆ ನೂಲು ತೆಗೆಯುತ್ತಾರೆ. ಅಲ್ಲಿ ನೇಯ್ದ ಅಗ್ಗದ ಕಂಬಳಿಗಳು ಭೂಕಂಪ, ನೆರೆ ಬಂದಲ್ಲಿ ಪರಿಹಾರವಾಗಿ ಹಂಚಿಕೆಯಾಗುತ್ತವೆ. 2012ರ ‘ಅನ್‌ರಾವೆಲ್’ ಎಂಬ ಸಾಕ್ಷ್ಯಚಿತ್ರದಲ್ಲಿ ಆ ಹೆಂಗಸರು, ಇಷ್ಟು ಒಳ್ಳೆಯ ಬಟ್ಟೆ ಯಾಕೆ ಬಿಸಾಕುತ್ತಾರೆ, ಆ ದೇಶದಲ್ಲಿ ಒಗೆಯಲು ನೀರು ತುಟ್ಟಿಯಿರಬೇಕು ಎಂದು ಊಹಿಸುತ್ತಾರೆ. ನಗು ಬರುತ್ತದೆ, ಆಮೇಲೆ ನಿಲ್ಲುತ್ತದೆ.

ಇನ್ನು ನಮ್ಮ ಧರ್ಮದ ದಟ್ಟಿಯ ವಿಚಾರ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಉಕ್ಕಿ ಊರುಗಳು ಮುಳುಗಿದಾಗ ನಮ್ಮ ಮಂಡಳದ ಇದೇ ಸಭಾಂಗಣದಲ್ಲಿ ಬಟ್ಟೆ ಸಂಗ್ರಹವಾಯಿತು. ಮೂರು ದಿನ ಆರಿಸಲು ಕುಳಿತವರಲ್ಲಿ ನಾನೂ ಒಬ್ಬಳು. ಏನೇನು ಬಂದಿತ್ತು ಗೊತ್ತೇ? ನಾಡಿಯಿಲ್ಲದ ಲಂಗ, ಕೊಕ್ಕೆ ಕಿತ್ತ ಒಳಬಟ್ಟೆ, ಒಂಟಿ ಚಪ್ಪಲಿ, ಮದುವೆಯಲ್ಲಿ ಸುತ್ತಿದ ಜರಿಯ ಪೇಟ, ಹಾಲಿನ ವಾಸನೆ ಹೋಗದ ಮಗುವಿನ ದುಪಟಿ. ಮನೆ ಕಳೆದುಕೊಂಡ ಹೆಂಗಸು ಜರಿಪೇಟ ಸುತ್ತಿಕೊಂಡು ಏನು ಮಾಡಬೇಕು? ಅರ್ಧಕ್ಕಿಂತ ಹೆಚ್ಚನ್ನು ಕಸದ ಗಾಡಿಗೆ ಹಾಕಿದೆವು. ಕೊಟ್ಟವರ ಹೆಸರುಗಳನ್ನು ಮಾತ್ರ ವರದಿಯಲ್ಲಿ ಒಂದೂ ಬಿಡದೆ ಬರೆದೆವು, ನನ್ನದೂ ಸೇರಿ.

ನನ್ನದೇ ಇನ್ನೊಂದು ಕಥೆ ಹೇಳಿಬಿಡುತ್ತೇನೆ. ಪ್ರತಿ ದೀಪಾವಳಿಗೂ ನಮ್ಮ ಕೆಲಸದಾಕೆಗೆ ನನ್ನ ಒಂದು ಸೀರೆ ಕೊಡುತ್ತಿದ್ದೆ. ಹರಿದದ್ದಲ್ಲ, ಬೇಸರ ಬಂದದ್ದು. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಉಟ್ಟದ್ದನ್ನು ನಾನು ನೋಡಲೇ ಇಲ್ಲ. ಕೇಳಿದರೆ, “ಛಲೋ ಸೀರಿ ಅಲ್ರೀ ಅಕ್ಕಾರ, ಇಟ್ಟೇನ್ರಿ” ಎನ್ನುವಳು. ಆಕೆಯ ಮೊಮ್ಮಗಳ ತೊಟ್ಟಿಲಿಗೆ ಹೋದಾಗ ಗೋಡೆಗೆ ಒರಗಿಸಿದ ಕೌದಿ ಕಂಡಿತು. ಚೌಕ ಚೌಕವಾಗಿ ನನ್ನ ಹತ್ತು ವರ್ಷದ ಔದಾರ್ಯವೆಲ್ಲ ಅದರಲ್ಲಿತ್ತು. ಒಂದೊಂದು ತುಂಡನ್ನೂ ಗುರುತಿಸಿದೆ. ಮೊದಲು ಸಿಟ್ಟು ಬಂತು, ಸುಳ್ಳೇಕೆ ಹೇಳಲಿ? ವೆಂಟ್ನರಿನ ಮೋಡೆಯ ಮೇಲೆ ಕೂರುವವರೆಗೂ ಆ ಸಿಟ್ಟು ಒಳಗೇ ಇತ್ತು. ಆಕೆಗೆ ಯಾವ ಬಣ್ಣ ಇಷ್ಟವೆಂದು ನಾನು ಎಂದಾದರೂ ಕೇಳಿದ್ದೆನೇ? ಅಕ್ಕಾರ ಉಟ್ಟು ಬಿಟ್ಟ ಸೀರೆ ಎಂದು ಓಣಿಗೆಲ್ಲ ಗೊತ್ತಿರುವುದನ್ನು ಉಟ್ಟುಕೊಂಡು ಆಕೆ ಅದೇ ಓಣಿಯಲ್ಲಿ ಯಾಕೆ ನಡೆಯಬೇಕು?

ಈಗ ಗಾದೆಗೆ ಬರುತ್ತೇನೆ. ದಟ್ಟಿ ಸಿಕ್ಕವಳು ಮೊಳ ಹಾಕಿದ್ದರಲ್ಲಿ ತಪ್ಪೇನು? ಸುತ್ತಿಕೊಳ್ಳಬೇಕಾದವಳು ಅವಳು, ಸಾಲುತ್ತದೆಯೋ ಇಲ್ಲವೋ ನೋಡಬೇಡವೇ? ಗಾದೆ ಕಟ್ಟಿದವರು ಕೊಟ್ಟವರ ಪಡಸಾಲೆಯಲ್ಲಿ ಕುಳಿತು ಕಟ್ಟಿದ್ದಾರೆ. ನನಗೆ ಕಾಡುವುದು ಆ ಹಿತ್ತಲು. ಎಲ್ಲರೆದುರು ಅಳೆದರೆ ಸೊಕ್ಕು ಎನ್ನುತ್ತಾರೆಂದು ಅವಳು ಹಿತ್ತಲಿಗೆ ಹೋಗಬೇಕಾಯಿತು. ಅಲ್ಲಿಯೂ ನಾವು ಹಣಕಿ ನೋಡಿ ಗಾದೆ ಮಾಡಿದೆವು. ಆ ದ್ವೀಪದ ಅಂಗಡಿಯಲ್ಲಿ ಟೇಪು ಕೌಂಟರಿನ ಮೇಲೆಯೇ ತೂಗುತ್ತದೆ.

‘ನಮ್ಮ ಕಡೆ ಇದು ನಡೆಯುವುದಿಲ್ಲ’ ಎನ್ನುತ್ತೀರಿ. ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬಾಗಿಲಿಗೆ ಬಂದಾಗ ಅರ್ಧ ಗಂಟೆ ಚೌಕಾಶಿ ಮಾಡುತ್ತೇವಲ್ಲ? ಆಕೆ ನಮ್ಮ ಸೀರೆಯನ್ನು ಜಗ್ಗಿ ನೋಡಿ “ಇದು ನಡಿಯಂಗಿಲ್ಲ” ಎಂದು ಮುಖಕ್ಕೇ ಹೇಳುವುದಿಲ್ಲವೇ? ಅದು ವ್ಯಾಪಾರ, ಅವಮಾನವಿಲ್ಲ. ದೆಹಲಿಯಲ್ಲಿ 1999ರಲ್ಲಿ ‘ಗೂಂಜ್’ ಸಂಸ್ಥೆ ಕಟ್ಟಿದ ಅಂಶು ಗುಪ್ತರು ಇದನ್ನೇ ಬೇರೆ ದಾರಿಯಿಂದ ಹಿಡಿದರು. ಹಳ್ಳಿಯವರು ಕೂಡಿ ಬಾವಿ ತೋಡುತ್ತಾರೆ, ಕೆರೆಯ ಹೂಳು ತೆಗೆಯುತ್ತಾರೆ. ಪೇಟೆಯ ಬಟ್ಟೆ ಆ ದುಡಿಮೆಗೆ ಪ್ರತಿಫಲವಾಗಿ ಬರುತ್ತದೆ, ಭಿಕ್ಷೆಯಾಗಿ ಅಲ್ಲ. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರೂ ನಮ್ಮ ದೇಶದವರೇ.

ಸಭೆಯಲ್ಲಿ ಇನ್ನೊಬ್ಬರು ಮೆಲ್ಲಗೆ ಹೇಳಿದ ಮಾತು ಗಾದೆಗಿಂತ ಪ್ರಾಮಾಣಿಕವಾಗಿತ್ತು. “ನಮ್ಮನಿ ಕೆಲಸದಾಕಿ ಬಂದು ನನ್ನ ಸೀರಿ ನನ್ನ ಕಣ್ಣ ಮುಂದನ ಕೊಂಡ್ಲಂದ್ರ, ನಾಳೆ ಆಕಿ ನನ್ನ ಮಾತು ಕೇಳ್ತಾಳೇನು?” ಅಲ್ಲಿದೆ ನೋಡಿ ಗಂಟು. ಪುಕ್ಕಟೆ ಕೊಟ್ಟ ಸೀರೆಗೆ ನಾವು ಬೆಲೆ ತೆಗೆದುಕೊಳ್ಳುತ್ತಲೇ ಇದ್ದೇವೆ. ಹಬ್ಬದ ದಿನ ಎರಡು ತಾಸು ಹೆಚ್ಚಿನ ಕೆಲಸ, ರಜೆ ಕೇಳಿದಾಗ ಒಂದು ನೆನಪು, ಸಂಬಳ ಏರಿಸುವ ಮಾತು ಬಂದಾಗ ‘ಎಷ್ಟೆಲ್ಲ ಕೊಡ್ತೀವಿ ನಿನಗ’ ಎಂಬ ಒಂದು ಉದ್ಗಾರ. ಇಪ್ಪತ್ತು ರೂಪಾಯಿಗೆ ಕೊಂಡಿದ್ದರೆ ಆಕೆಗೆ ಎಷ್ಟು ಅಗ್ಗವಾಗುತ್ತಿತ್ತು!

ಹೋದ ಶನಿವಾರ ಟ್ರಂಕು ತೆಗೆದು, “ಬೇಕಾದ್ದು ಆರಿಸಿಕೋ, ಒಂದಕ್ಕೆ ಇಪ್ಪತ್ತು” ಎಂದೆ. ಆಕೆ ನನ್ನ ಮುಖ ನೋಡಿದಳು. ನಾನು ಚೇಷ್ಟೆ ಮಾಡುತ್ತಿಲ್ಲವೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಪಡಸಾಲೆಯ ನಡುವೆ ಕುಳಿತು, ಒಂದೊಂದನ್ನೇ ಬಿಚ್ಚಿ, ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕತೊಡಗಿದಳು. ಕಂದು ಬಣ್ಣದ ಇಳಕಲ್ ನನ್ನ ಜೀವ. ಅದನ್ನು ಅಳೆದು ಪಕ್ಕಕ್ಕೆ ಸರಿಸಿ, “ಇದು ಬ್ಯಾಡ್ರಿ ಅಕ್ಕಾರ, ದಡಿ ಪಿಸದೈತಿ” ಎಂದಳು. ಸ್ವಲ್ಪ ನೋವಾಯಿತು. ಹಸಿರಿನದೊಂದು, ಚಿಕ್ಕ ಚೌಕಡಿಯದೊಂದು ಆರಿಸಿ, “ಎರಡಕ್ಕ ಮೂವತ್ತು ಮಾಡ್ರಿ” ಎಂದಳು. ಮೂವತ್ತೈದಕ್ಕೆ ಕುದುರಿತು.

ಮಂಡಳದ ಮುಂದಿನ ಸಭೆ ಹದಿನಾಲ್ಕನೆಯ ತಾರೀಖಿಗಿದೆ. ಹಿಂದಿನ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆಯೆಂದು ವಿಚಾರಿಸಿ ಇಟ್ಟಿದ್ದೇನೆ.